ಮೂರು ಗೆರೆಯ ಸ್ಕರ್ಟು

ನಾನು ಏನು ಕೆಲಸ ಮಾಡುತ್ತೇನೆಂದು ನೆಂಟರಿಗೆ ತಿಳಿಸಿ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಅಪ್ಪ "ಇಂಟೀರಿಯರ್" ಎಂದು ಒಂದೇ ಮಾತಿನಲ್ಲಿ ಮುಗಿಸಿ ಚಹಾದ ಕಪ್ಪು ಎತ್ತಿಕೊಳ್ಳುತ್ತಾನೆ. ಅವ್ವ "ಮಂಟಪ ಹಾಕ್ತಾಳ" ಅನ್ನುತ್ತಾಳೆ. ಹಾಗೆ ಅಂದಾಗಲೆಲ್ಲ ಯಾರಾದರೊಬ್ಬರು ತಮ್ಮ ಮಗನ ಮದುವೆಗೂ ನನ್ನನ್ನು ಕರೆಯುತ್ತಾರೆ, ನನಗೆ ಸಿಟ್ಟು ಬರುತ್ತದೆ. ತಣ್ಣಗೆ ಕೂತು ಯೋಚಿಸಿದರೆ ಅವ್ವನ ಮಾತೇ ನಿಜಕ್ಕೆ ಹತ್ತಿರ. ವ್ಯಾಪಾರಿಗಳ ಎಕ್ಸಿಬಿಷನ್ನುಗಳಲ್ಲಿ ಸ್ಟಾಲುಗಳ ನಕ್ಷೆ ಹಾಕಿ ಕಟ್ಟಿಸುವುದು ನನ್ನ ಕೆಲಸ. ಗುರುವಾರ ಏಳುತ್ತದೆ, ಭಾನುವಾರ ಸಂಜೆ ಬೀಳುತ್ತದೆ. ವರ್ಷಕ್ಕೊಂದೆರಡು ಸಲ ಪುಣೆಯ ಕಡೆ ಯಾವುದಾದರೂ ವಸ್ತುಸಂಗ್ರಹಾಲಯದ ಕೆಲಸ ಸಿಕ್ಕರೆ ಮಾತ್ರ ನಾನು ಹಾಕಿದ ಮೊಳೆ ಮಳೆಗಾಲ ದಾಟುತ್ತದೆ.

ನಮ್ಮ ಊರು ಮಹಾರಾಷ್ಟ್ರದ ಗಡಿಯೊಳಗಿನ ಅಕ್ಕಲಕೋಟ ತಾಲೂಕಿನ ತಡವಳ. ಅಪ್ಪನಿಗೆ ಸೊಲ್ಲಾಪುರದ ಪಕ್ಕದ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನಲ್ಲಿ ಫಿಟರ್ ಕೆಲಸ ಸಿಕ್ಕಿತೆಂದು ನಾವು ಸೊಲ್ಲಾಪುರಕ್ಕೆ ಬಂದೆವು. ಓದಿದ್ದೆಲ್ಲ ಮರಾಠಿಯಲ್ಲಿ, ಜಗಳ ಆಡುವುದು ಕನ್ನಡದಲ್ಲಿ. ಕನ್ನಡದ ಅಕ್ಷರ ನಾನು ಕಲಿತದ್ದು ಇಪ್ಪತ್ತು ದಾಟಿದ ಮೇಲೆ, ಅಕ್ಕಲಕೋಟದ ಸ್ಟ್ಯಾಂಡಿಗೆ ಗಡಿಯಾಚೆಯಿಂದ ಬರುವ ಬಸ್ಸುಗಳ ಬೋರ್ಡು ಓದುತ್ತ. ಹಾಗಾಗಿ ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಬ್ರೇಕು ಹಾಕಿದಂತೆ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಈಗ ಹೇಳಹೊರಟಿದ್ದು ಅತ್ತೆಯ ಸ್ಟಾಲಿನ ಕತೆ. ಅತ್ತೆ ಎಂದರೆ ಅಪ್ಪನ ಅಕ್ಕ. ತಡವಳದಲ್ಲೇ ಇದ್ದಾಳೆ. ಅಣ್ಣತಮ್ಮಂದಿರ ಹೆಣ್ಣುಮಕ್ಕಳು ನಮ್ಮ ಕಡೆ ಅತ್ತೆಗೆ ಸೊಸೆಯರು. ಅವಳಿಗೆ ಗಂಡುಮಕ್ಕಳಿಲ್ಲದಿದ್ದರೂ ನನ್ನನ್ನು ಇವತ್ತಿಗೂ "ಸೊಸಿ" ಎಂದೇ ಕರೆಯುತ್ತಾಳೆ, ಕರೆದು ಕೆಲಸ ಹೇಳುತ್ತಾಳೆ. ಊರಿನ ಬುದ್ಧವಿಹಾರದ ಪಕ್ಕದ ಹಾಲಿನಲ್ಲಿ ಆರು ಜನ ಹೆಂಗಸರನ್ನು ಕಟ್ಟಿಕೊಂಡು ಹೊಲಿಗೆ ಮಿಷನ್ ನಡೆಸುತ್ತಿದ್ದಳು. ಸೊಲ್ಲಾಪುರವೆಂದರೆ ಶಾಲೆಯ ಯೂನಿಫಾರ್ಮು ಹೊಲಿಯುವ ಊರು. ಎಂಐಡಿಸಿಯ ಒಂದು ಕಾರ್ಖಾನೆಯವರು ಈ ಏಳು ಜನರಿಗೆ ಅಂಗಿಯ ಕಾಲರು ಮತ್ತು ಜೇಬುಗಳನ್ನು ಮಾತ್ರ ಹೊಲಿಯಲು ಕಳಿಸುತ್ತಿದ್ದರು. ಎಂಟು ವರ್ಷ ಕಾರ್ಖಾನೆಗೆ ಬರೀ ಕಾಲರು, ಬರೀ ಜೇಬು. ತಾವು ಹೊಲಿದದ್ದು ಕೊನೆಗೆ ಯಾವ ಮಗುವಿನ ಮೈಮೇಲೆ ಕೂತಿತೆಂದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದು ದಿನ ಕಾರ್ಖಾನೆಯವರು ಇನ್ನು ಮುಂದೆ ಊರಿಗೆ ಕೆಲಸ ಕಳಿಸುವುದಿಲ್ಲ ಎಂದರು. ಬೇಕಾದವರು ದಿನಾ ಬೆಳಿಗ್ಗೆ ವ್ಯಾನಿನಲ್ಲಿ ಚಿಂಚೋಳಿಗೆ ಬರಲಿ, ಅಲ್ಲೇ ಮಿಷನ್ ಇದೆ. ಏಳರಲ್ಲಿ ನಾಲ್ವರಿಗೆ ಅದು ಆಗದ ಮಾತಾಗಿತ್ತು. ಒಬ್ಬಳಿಗೆ ತೊಟ್ಟಿಲ ಕೂಸು, ಒಬ್ಬಳ ಅತ್ತೆ ಹಾಸಿಗೆ ಹಿಡಿದಿದ್ದಳು, ಉಳಿದಿಬ್ಬರ ಮನೆಯಲ್ಲಿ ಹೊರಗೆ ಕಳಿಸಲು ಯಾರೂ ಒಪ್ಪುತ್ತಿರಲಿಲ್ಲ. ನನ್ನ ಅತ್ತೆ ಹೋಗಬಹುದಿತ್ತು, ಹೋಗಲಿಲ್ಲ. ಪೂರ್ತಿ ಯೂನಿಫಾರ್ಮನ್ನು ತಾವೇ ಹೊಲಿದು, ಯಾವುದಾದರೂ ಒಂದು ಶಾಲೆಯನ್ನು ಹಿಡಿಯಬೇಕೆಂದು ಹಟ ಹಿಡಿದಳು. ಶಾಲೆಗಳವರೂ ವ್ಯಾಪಾರಿಗಳೂ ಸೇರುವುದು ಸೊಲ್ಲಾಪುರದ ಯೂನಿಫಾರ್ಮ್ ಎಕ್ಸಿಬಿಷನ್ನಿನಲ್ಲಿ. ಅಲ್ಲಿ ಒಂದು ಮೂಲೆಯ ಚಿಕ್ಕ ಸ್ಟಾಲು ಹಿಡಿದರು. ಎಕ್ಸಿಬಿಷನ್ ನಡೆಯುವ ಮೂರು ದಿನದಲ್ಲಿ ಒಂದಾದರೂ ಶಾಲೆ ಒಪ್ಪದಿದ್ದರೆ ಮಿಷನ್‌ಗಳನ್ನು ಮಾರಿ ಹಾಲಿಗೆ ಬೀಗ ಹಾಕುವುದೆಂದು ಏಳೂ ಜನ ಕೂತು ಮಾತಾಡಿಕೊಂಡಿದ್ದರು.

ಸ್ಟಾಲಿನ ಕೆಲಸ ನನ್ನದು. ಕೇಳುವುದೇ ಬೇಡ, ಸೊಸೆ ಇದ್ದಾಳಲ್ಲ.

ನಾನು ಉಬ್ಬಿಹೋಗಿದ್ದೆ. ದೊಡ್ಡ ಕಂಪನಿಗಳ ಸ್ಟಾಲು ಕಟ್ಟಿಸಿದ ಕೈ ಇದು, ಇನ್ನು ಮನೆಯವರಿಗೆ ಕಡಿಮೆ ಮಾಡುವುದುಂಟೆ? ಹಿಂದಿನ ಗೋಡೆಗೆ ಪೂರ್ತಿ ಬೆಳಕಿನ ಪೆಟ್ಟಿಗೆ ಮಾಡಿಸಿದೆ. ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು ಒಳಗೆ ಎಲ್‌ಇಡಿ ಪಟ್ಟಿಗಳನ್ನು ಅಂಟಿಸುವುದು, ಆಗ ಗೋಡೆಯೇ ಬೆಳಗುತ್ತದೆ. ಅದರ ಮುಂದೆ ಸಣ್ಣ ತಂತಿಯಲ್ಲಿ ಒಂದೊಂದೇ ಉಡುಪು ತೂಗಿದರೆ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ನಕ್ಷೆಯನ್ನು ಅತ್ತೆಗೆ ತೋರಿಸಿದೆ. ಅವಳು ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಗಿರಾಕಿ ಎಲ್ಲಿ ನಿಂತು ಬಟ್ಟೆ ತಿರುವಿ ನೋಡುತ್ತಾನೆಂದು ಕೇಳಿದಳು. ಈಗಿನ ಕಾಲದಲ್ಲಿ ಯಾರೂ ತಿರುವಿ ನೋಡುವುದಿಲ್ಲ, ದೂರದಿಂದ ನೋಡಿಯೇ ಮನಸ್ಸು ಮಾಡುತ್ತಾರೆ ಎಂದೆ. ಅವಳು ಹೂಂ ಅಂದಳು. ನಾನು ಓದಿದವಳಲ್ಲವೇ.

ಗುರುವಾರ ಮಧ್ಯಾಹ್ನ ಎಕ್ಸಿಬಿಷನ್ ಹಾಲಿನಲ್ಲಿ ಸ್ಟಾಲು ಎದ್ದು ನಿಂತಿತು. ಬಸ್ಸಿನಲ್ಲಿ ಗಂಟು ಬಂದಿತ್ತು: ಅಳತೆಗೆ ಒಂದರಂತೆ ಹನ್ನೆರಡು ಉಡುಪುಗಳು, ನೀಲಿ ಸ್ಕರ್ಟು, ನೀಲಿ ಪ್ಯಾಂಟು, ಚೌಕಳಿ ಅಂಗಿ. ಹೊಲಿಗೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ತಂತಿಗೆ ತೂಗಿ ದೀಪ ಹಾಕಿದೆ. ನನ್ನ ಮುಖ ಸಣ್ಣದಾಯಿತು. ಪ್ರತಿ ಸ್ಕರ್ಟಿನ ಕೆಳಗೆ ಅಂಗೈಯಗಲಕ್ಕಿಂತ ದೊಡ್ಡ ಕಪ್ಪು ಪಟ್ಟಿ. ಪ್ಯಾಂಟಿನ ಕಾಲಿಗೂ ಅಂಗಿಯ ತುದಿಗೂ ಹಾಗೇ. ಒಳಗೆ ಬಟ್ಟೆಯನ್ನು ಅಷ್ಟು ಮಡಿಚಿ ಹೊಲಿದಿದ್ದರು. ಹಿಂದಿನಿಂದ ಬೆಳಕು ಬಂದಾಗ ಒಂಟಿ ಬಟ್ಟೆ ತಿಳಿಯಾಗಿ, ಮಡಿಕೆ ಇದ್ದಲ್ಲಿ ಮಸಿ ಬಳಿದ ಹಾಗೆ ಕಾಣುತ್ತಿತ್ತು.

ದೀಪ ಕಡಿಮೆ ಮಾಡಿ ನೋಡಿದೆ, ಬಟ್ಟೆಯನ್ನು ಮುಂದಕ್ಕೆ ಎಳೆದು ನೋಡಿದೆ. ಪಟ್ಟಿ ಹೋಗಲಿಲ್ಲ. ಕೊನೆಗೆ ಹನ್ನೆರಡನ್ನೂ ಚೀಲಕ್ಕೆ ತುಂಬಿ ರಸ್ತೆಯ ಆಚೆಗಿನ ಟೇಲರಂಗಡಿಗೆ ಒಯ್ದೆ. ಹೊರಗಿನ ಉದ್ದ ಹಾಗೇ ಇರಲಿ, ಒಳಗಿನ ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಅಂಚು ಎಳೆ ಬಿಡದಂತೆ ಓವರ್‌ಲಾಕ್ ಹೊಡೆದುಕೊಡಿ ಎಂದೆ. ಟೇಲರ್ ಒಂದು ಸ್ಕರ್ಟನ್ನು ತಿರುವಿ, ಮಡಿಕೆಯನ್ನು ಬೆರಳಲ್ಲಿ ಅಳೆದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಿಜವಾಗಿಯೂ ಕತ್ತರಿಸಲೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದೆ. ನೀಲಿ ಪಟ್ಟಿಗಳು ಒಂದರ ಮೇಲೊಂದು ಅವರ ಕಾಲ ಬುಡದಲ್ಲಿ ಬಿದ್ದವು. ಆಗ ನನಗೆ ದುಃಖ ಆಗಲಿಲ್ಲ, ಹಾಯೆನ್ನಿಸಿತು. ಅದು ಯಾಕೆಂದು ಆ ಹೊತ್ತಿನಲ್ಲಿ ನನಗೆ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯಿತು. ನಮ್ಮ ಸ್ಟಾಲಿನ ಮುಂದೆ ಜನ ನಿಂತರು. ಚೆಂದ ಇದೆ ಅಂದರು. ಪಕ್ಕದ ಸ್ಟಾಲಿನ ಹುಡುಗಿಯರು ಬೆಳಗುವ ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡರು. ನಾನು ಎದೆ ಉಬ್ಬಿಸಿ ನಿಂತಿದ್ದೆ. ಆಮೇಲೆ ನಿಜವಾದ ಗಿರಾಕಿಗಳು ಬರತೊಡಗಿದರು, ಶಾಲೆಗಳ ಮುಖ್ಯಸ್ಥರು, ಬೀದರ್ ಕಡೆಯ ಅಂಗಡಿಯವರು. ಒಬ್ಬೊಬ್ಬರೂ ಸೀದಾ ಬಂದು ಸ್ಕರ್ಟಿನ ತುದಿ ಹಿಡಿದು ಹೊರಳಿಸುವರು, ಒಳಗಿನ ಅಂಚನ್ನು ನೋಡುವರು, ಕೈ ಬಿಡುವರು, ಮುಂದೆ ಹೋಗುವರು. ಒಬ್ಬರಾದರೂ ದೂರದಿಂದ ನೋಡಿ ಮನಸ್ಸು ಮಾಡಲಿಲ್ಲ. ಹತ್ತು ಜನರ ನಂತರ ನಾನೂ ಒಂದು ಸ್ಕರ್ಟಿನ ತುದಿ ಹೊರಳಿಸಿ ನೋಡಿದೆ.

ಅಷ್ಟರಲ್ಲಿ ಅತ್ತೆ ಬಂದಳು, ಅಕ್ಕಲಕೋಟದ ಎಸ್.ಟಿ. ಬಸ್ಸಿನಿಂದ ಇಳಿದವಳೇ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ಬೆಳಗುವ ಗೋಡೆ ನೋಡಿ ಅವಳ ಕಣ್ಣು ಅರಳಿತು, ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ಅಭ್ಯಾಸಬಲದಿಂದ ಒಂದು ಸ್ಕರ್ಟಿನ ತುದಿಯನ್ನು ತಿರುವಿದಳು. ಇನ್ನೊಂದನ್ನು ತಿರುವಿದಳು. ಹನ್ನೆರಡನ್ನೂ ತಿರುವಿ ಮುಗಿಸಿದಳು.

"ಮಡಿಕಿ ಯಾರ ಕತ್ತರಿಸಿದ್ರು?"

"ನಾನ, ಅತ್ತಿ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. "ಇದು ನಮ್ಮ ಮಾಲ ಅಲ್ಲ" ಎಂದಷ್ಟೇ ಹೇಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಕೂತಲ್ಲಿಂದಲೇ ಬಿಡಿಸಿ ಹೇಳಿದಳು. ಕಾರ್ಖಾನೆಯವರು ಬಟ್ಟೆ ಉಳಿಸಲು ಒಂದು ಬೆರಳು ಮಡಿಚಿ ಹೊಲಿಯುತ್ತಾರೆ. ಮಗು ಬೆಳೆದರೆ ಹೊಸದು ಕೊಳ್ಳಬೇಕು. ಇವರು ಮಾತ್ರ, ಊರಿನ ಮಕ್ಕಳಿಗೆ ಮೊದಲಿನಿಂದ ಹೊಲಿದುಕೊಟ್ಟ ಹಾಗೇ, ಅಂಗೈ ಅಗಲ ಬಿಟ್ಟು ಸುತ್ತು ಸುತ್ತಾಗಿ ಮಡಿಚುತ್ತಾರೆ, ಸೊಂಟದಲ್ಲೂ ಬಿಚ್ಚಲು ಬಟ್ಟೆ ಬಿಡುತ್ತಾರೆ. ವರ್ಷಕ್ಕೊಮ್ಮೆ ತಾಯಿ ಕೂತು ಒಂದು ಹೊಲಿಗೆ ಬಿಚ್ಚಿದರೆ ಸ್ಕರ್ಟು ಮಗುವಿನ ಜೊತೆ ಉದ್ದವಾಗುತ್ತದೆ. ಬೇರೆಯವರಲ್ಲಿ ಇಲ್ಲದ್ದು ಇವರಲ್ಲಿ ಇದ್ದದ್ದು ಅದೊಂದೇ. ಅದೊಂದನ್ನೇ ನಾನು ಟೇಲರಂಗಡಿಯ ನೆಲದ ಮೇಲೆ ಬಿಟ್ಟು ಬಂದಿದ್ದೆ.

ಆಗ ನನಗೆ ಗುರುವಾರದ ಆ ಹಾಯೆನ್ನಿಸಿದ್ದು ಏನೆಂದು ಗೊತ್ತಾಯಿತು. ನನ್ನ ಶಾಲೆಯ ಸ್ಕರ್ಟುಗಳನ್ನು ಹೊಲಿದವಳೂ ಇದೇ ಅತ್ತೆ. ಮಡಿಕೆ ಬಿಚ್ಚಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ, ತಿಕ್ಕಿ ತಿಕ್ಕಿ ಬಣ್ಣ ಹೋದ ಗೆರೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸೊಲ್ಲಾಪುರದ ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನ ಹುಡುಗಿ ಒಮ್ಮೆ ಆ ಗೆರೆಗಳನ್ನು ಎಣಿಸಿ ಇಡೀ ತರಗತಿಗೆ ಕೇಳುವಂತೆ ಹೇಳಿದಳು. ಅವತ್ತು ಸಂಜೆ ನಾನು ಪೆನ್ನಿನ ನೀಲಿ ಶಾಯಿಯಿಂದ ಗೆರೆಗಳನ್ನು ಮುಚ್ಚಿದೆ. ಮರುದಿನ ಪಿ.ಟಿ. ಪಿರಿಯಡ್ಡಿನ ಬೆವರಿಗೆ ಶಾಯಿ ಇಳಿದು ನನ್ನ ಬಿಳಿ ಕಾಲುಚೀಲದವರೆಗೆ ಹರಿಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಪ್ಪು ಪಟ್ಟಿಯನ್ನು ಕಂಡು ನಾನು ಕತ್ತರಿ ಹುಡುಕಿದ್ದು ಬೆಳಕಿನ ಸಲುವಾಗಿ ಅಲ್ಲ, ಹದಿಮೂರನೇ ವಯಸ್ಸಿನ ಆ ನಾಚಿಕೆಯ ಸಲುವಾಗಿ. ಇಷ್ಟು ವರ್ಷ ಬೇರೆಯವರ ವಸ್ತುಗಳನ್ನು ಹೇಗೆ ನೋಡಬೇಕೆಂದು ಜನಕ್ಕೆ ಕಲಿಸುತ್ತ ಬಂದವಳು ನನ್ನ ಮನೆಯ ವಸ್ತುವನ್ನೇ ಕಣ್ಣೆತ್ತಿ ನೋಡಿರಲಿಲ್ಲ.

ಊರಲ್ಲಿ ಬಟ್ಟೆಯ ಒಂದು ಸುರುಳಿ ಉಳಿದಿತ್ತು. ಅತ್ತೆ ಫೋನು ಮಾಡಿ ಹೊಸದಾಗಿ ನಾಲ್ಕು ಸ್ಕರ್ಟು ಹೊಲಿಯಲು ಹೇಳಿದಳು. ಸಂಜೆಯೊಳಗೆ ನಾಲ್ಕಕ್ಕಿಂತ ಹೆಚ್ಚು ಆಗುವ ಹಾಗಿರಲಿಲ್ಲ. ನಾಲ್ಕು ಸ್ಕರ್ಟು ತೂಗಿದ ಸ್ಟಾಲು ಖಾಲಿ ಅಂಗಡಿಯಂತೆ ಕಾಣುತ್ತದೆ. ಹೊಸ ಬಟ್ಟೆಯಲ್ಲಿ ಮಡಿಕೆ ಇದೆಯೆಂದು ಬಾಯಿಯಲ್ಲಿ ಹೇಳಬಹುದು, ಆದರೆ ಅದು ಏನು ಮಾಡುತ್ತದೆಂದು ತೋರಿಸುವುದು ಹೇಗೆ?

ಉತ್ತರ ಪುಣೆಯ ಕೆಲಸದಿಂದ ಬಂತು. ಸಂಗ್ರಹಾಲಯದಲ್ಲಿ ಹಳೆಯ ಕವುದಿಗಳನ್ನು ಜೋಡಿಸುವಾಗ ಅಲ್ಲಿಯ ಹಿರಿಯರೊಬ್ಬರು ನನಗೆ ಬಟ್ಟೆಗೆ ಎದುರಿನಿಂದಲೂ ಹಿಂದಿನಿಂದಲೂ ಬೆಳಕು ಹಾಕಬಾರದೆಂದು ಕಲಿಸಿದ್ದರು. ಪಕ್ಕದಿಂದ, ಮೈಗೆ ತಾಗಿ ಹರಿಯುವಂತೆ ಹಾಕಬೇಕು. ಆಗ ಉಟ್ಟವರ ಗುರುತೆಲ್ಲ ಎದ್ದು ಬರುತ್ತದೆ. ನಾನು ಅತ್ತೆಯನ್ನು, ಊರಲ್ಲಿ ಯಾರ ಮಕ್ಕಳಾದರೂ ನೀವು ಹೊಲಿದ ಹಳೆಯ ಸ್ಕರ್ಟನ್ನು ಇನ್ನೂ ಹಾಕುತ್ತಾರೆಯೇ ಎಂದು ಕೇಳಿದೆ. ಯಾರು ಹಾಕುವುದಿಲ್ಲ ಹೇಳು ಎಂದಳು. ಹಾಗಾದರೆ ನನಗೆ ಅವು ಬೇಕು ಎಂದೆ. ಎಕ್ಸಿಬಿಷನ್ನಿನಲ್ಲಿ ಹಳೆಯ ಬಟ್ಟೆಯೇ ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಸ್ಟಾಲಿನಲ್ಲಿ ಅವಳನ್ನು ಕೂರಿಸಿ ನಾನು ಸ್ಕೂಟಿ ಹತ್ತಿದೆ. ತಡವಳ ಮುಟ್ಟಿದಾಗ ಶಾಲೆ ಬಿಡುವ ಹೊತ್ತು. ವಿಹಾರದ ಪಕ್ಕದ ಹಾಲಿನಲ್ಲಿ ಮಿಷನ್‌ಗಳು ಓಡುತ್ತಿದ್ದವು. ನಾನು ಮಾಡಿದ್ದು ಎಲ್ಲರಿಗೂ ಗೊತ್ತಾಗಿತ್ತು, ಒಬ್ಬರೂ ಎತ್ತಿ ಆಡಲಿಲ್ಲ, ಚಹಾ ಕೊಟ್ಟರು. ಹಳೆಯ ಸ್ಕರ್ಟು ಕೇಳಿದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಮನೆಗೆ ಹೋಗಿ ತಂದುಕೊಟ್ಟರು, ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಎರಡು.

ಅಂಗಿಯ ಗುಂಡಿಗೆ ಕಾಜಾ ಹಾಕುವುದರಲ್ಲಿ ಪಳಗಿದ ಹೆಂಗಸೊಬ್ಬಳಿದ್ದಳು, ಹಾಸಿಗೆ ಹಿಡಿದ ಗಂಡನ ತಾಯಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ನಾನು ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ. ಅವಳ ಮಗಳು ಆಗಷ್ಟೇ ಶಾಲೆಯಿಂದ ಬಂದು ಹಾಲಿನ ಬಾಗಿಲಲ್ಲಿ ನಿಂತಿದ್ದಳು. ಏಳನೇ ತರಗತಿ. ಸ್ಕರ್ಟಿನ ತುದಿಯಲ್ಲಿ ಮೂರು ಗೆರೆಗಳು, ಮೇಲಿನದು ಮಾಸಿ, ಕೆಳಗಿನದು ಇನ್ನೂ ಬೆಳ್ಳಗೆ. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ತಾಯಿ ಗಮನಿಸಿದಳು. ಮಿಷನ್ ನಿಲ್ಲಿಸಿದಳು.

"ನನ್ನ ಮಗಳ ಹಳೆ ಬಟ್ಟಿ ಸೊಲ್ಲಾಪುರದಾಗ ನಾಕ ಮಂದಿ ಮುಂದ ತೂಗ ಹಾಕಾಕ ನಾ ಕೊಡಂಗಿಲ್ಲ. ನಮ್ಮ ಬಡತನ ನೋಡಾಕ ಜನಾ ಬರಬೇಕೇನ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಸಂಗ್ರಹಾಲಯಗಳಲ್ಲಿ ಎಷ್ಟೋ ಮನೆಗಳ ಬಟ್ಟೆ ಪಾತ್ರೆಗಳನ್ನು ಗಾಜಿನೊಳಗೆ ಇಟ್ಟಿದ್ದೇನೆ, ಆ ಮನೆಯವರನ್ನು ಒಮ್ಮೆಯೂ ಕೇಳಿದ್ದಿಲ್ಲ. ನೆಲದ ಮೇಲೆ ಅವಳ ಮಿಷನ್ನಿನ ಪಕ್ಕ ಕೂತೆ, ಹದಿಮೂರನೇ ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದನ್ನು ಹೇಳಿದೆ, ಹಿಂದಿನ ಬೆಂಚು, ಶಾಯಿ, ಕಾಲುಚೀಲ.

"ಅವತ್ತ ಶಾಯಿ ಹಚ್ಚಿದ್ದೆ, ನಿನ್ನಿ ಕತ್ತರಿ ಹಚ್ಚೀನಿ ವೈನಿ. ಎರಡೂ ಒಂದ ಕೆಲಸ. ನಾಚಿಕಿ ನನ್ನದು ಇತ್ತು, ನಿಮ್ಮ ಹೊಲಿಗಿದಲ್ಲ."

ಹೇಳುತ್ತ ಹೇಳುತ್ತ ಅಳು ಬಂತು, ನಾಟಕಕ್ಕಲ್ಲ. ಹಾಲಿನಲ್ಲಿ ಎಲ್ಲ ಮಿಷನ್ನೂ ನಿಂತಿದ್ದವು. ಹುಡುಗಿ ಮಾತ್ರ ತನಗೇನೂ ಅಡ್ಡಿಯಿಲ್ಲ, ನಾಳೆ ಶನಿವಾರ ಹೇಗೂ ಬಿಳಿ ಡ್ರೆಸ್ಸು, ಸೋಮವಾರಕ್ಕೆ ಸ್ಕರ್ಟು ವಾಪಸು ಬಂದರೆ ಸಾಕು ಎಂದಳು. ತಾಯಿ ಮೂರು ಷರತ್ತು ಹಾಕಿದಳು. ಶಾಲೆಯ ಬ್ಯಾಡ್ಜು ಬಿಚ್ಚಬೇಕು. ತೊಳೆಯದೆ ಕೊಡುವುದಿಲ್ಲ. ಮತ್ತೆ, ಬೆಳಿಗ್ಗೆ ತಾನೇ ಹಿಡಿದುಕೊಂಡು ಬರುತ್ತಾಳೆ, ಸಂಜೆ ತಾನೇ ಒಯ್ಯುತ್ತಾಳೆ, ಅಲ್ಲಿಯವರೆಗೆ ಅದರ ಪಕ್ಕದಿಂದ ಕದಲುವುದಿಲ್ಲ. ಅವಳ ಹಾಸಿಗೆ ಹಿಡಿದ ಅತ್ತೆಯ ಹತ್ತಿರ ಒಂದು ದಿನ ಕೂರಲು ಪಕ್ಕದ ಮನೆಯವರು ಒಪ್ಪಿದರು.

ಶನಿವಾರ ಬೆಳಿಗ್ಗೆ ಎಕ್ಸಿಬಿಷನ್ ಹಾಲಿನ ಕಾವಲುಗಾರ ಬಾಗಿಲು ತೆಗೆಯುವ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ. ನನ್ನ ಬೆಳಗುವ ಗೋಡೆಯ ತಂತಿ ಕಿತ್ತು ದೀಪ ಆರಿಸಿದೆ. ಅದರ ಮೇಲೆ ಬಿಳುಪು ಮಾಡದ ಕೋರಾ ಬಟ್ಟೆ ಬಿಗಿದೆ. ಮೊದಲ ಬಸ್ಸಿಗೆ ಅವರು ಬಂದರು, ಅತ್ತೆ, ಕಾಜಾದ ವೈನಿ, ನಾಲ್ಕು ಹೊಸ ಸ್ಕರ್ಟು, ಮೂರು ಹಳೆಯವು. ತೊಳೆದು ಫ್ಯಾನಿನ ಕೆಳಗೆ ಒಣಗಿಸಿದ ಸ್ಕರ್ಟಿನಲ್ಲಿ ಇನ್ನೂ ಸಾಬೂನಿನ ವಾಸನೆ ಇತ್ತು. ಹಳೆಯದಕ್ಕೆ ಪಿನ್ನು ಚುಚ್ಚಬಾರದು. ಓರೆಯಾಗಿ ನಿಲ್ಲಿಸಿದ ಹಲಗೆಗೆ ಮೆತ್ತನೆಯ ಬಟ್ಟೆ ಸುತ್ತಿ, ಅದರ ಮೇಲೆ ಮೂರು ಗೆರೆಯ ಸ್ಕರ್ಟನ್ನು ಮಲಗಿಸಿ, ಸೊಂಟದ ಪಟ್ಟಿಗೆ ಸಡಿಲವಾಗಿ ನಾಲ್ಕು ಹೊಲಿಗೆ ಹಾಕಿದೆ. ಉಳಿದೆರಡು ಹಳೆಯವನ್ನು ಅದರ ಕೆಳಗೆ ಇಟ್ಟೆ. ಒಂದೇ ಒಂದು ದೀಪವನ್ನು ಎಡಪಕ್ಕದಲ್ಲಿ, ಬಟ್ಟೆಯ ಮಟ್ಟಕ್ಕೆ ಇಳಿಸಿ ಹಚ್ಚಿದೆ.

ಮೂರು ಗೆರೆಗಳು ಎದ್ದು ನಿಂತವು. ಉತ್ತ ಹೊಲದ ಸಾಲುಗಳ ಹಾಗೆ. ವೈನಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನೋಡಿದಳು. ಸ್ಕರ್ಟಿನ ಒಂದು ಮಡಿಕೆ ಸೊಟ್ಟಗಿದೆಯೆಂದು ತಾನೇ ಮುಂದೆ ಬಂದು ಸರಿಮಾಡಿದಳು.

ಹೊಸ ಸ್ಕರ್ಟುಗಳನ್ನು ಒಳಗಿನ ಮಗ್ಗುಲು ಹೊರಗೆ ಮಾಡಿ ಬೆಂಚಿನ ಮೇಲೆ ಹರಡಿದೆವು, ತಿರುವುವ ಕಷ್ಟವೂ ಬೇಡ. ಎದುರಿಗೆ ಕೂರಲು ಇನ್ನೊಂದು ಬೆಂಚು. ಪಕ್ಕದ ಸ್ಟಾಲಿನವರು ಮೂಗು ಮುರಿದರು. ನಿನ್ನೆ ಫೋಟೊ ತೆಗೆಸಿಕೊಂಡ ಹುಡುಗಿಯರು ದೀಪದ ಗೋಡೆ ಎಲ್ಲಿ ಹೋಯಿತೆಂದು ಬೇಸರಪಟ್ಟುಕೊಂಡರು. ಹನ್ನೊಂದು ದಾಟುವ ಹೊತ್ತಿಗೆ ಬೆಂಚಿನ ಮೇಲೆ ಜಾಗ ಇರಲಿಲ್ಲ. ಜನ ಕೂತು ಮಡಿಕೆಯನ್ನು ಬೆರಳಲ್ಲಿ ಅಳೆದರು, ಹಳೆಯ ಸ್ಕರ್ಟಿನ ಹತ್ತಿರ ಬಗ್ಗಿದರು, ತಮ್ಮ ತಾಯಂದಿರ ಬಗ್ಗೆ ಮಾತಾಡಿದರು. ಆದರೆ ಮಾತಾಡಿದವರೆಲ್ಲ ಎದ್ದು ಹೋದರು. ಊಟದ ಹೊತ್ತಾಯಿತು, ಒಂದು ಶಾಲೆಯೂ ಸಿಕ್ಕಿರಲಿಲ್ಲ. ಅತ್ತೆ ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟಳು. ಅವಳ ಸಿಟ್ಟು ಇಳಿದಿದೆಯೆಂದು ಆಗಲೇ ನನಗೆ ಗೊತ್ತಾದದ್ದು.

ಮೂರು ಗಂಟೆಯ ಸುಮಾರಿಗೆ ವಯಸ್ಸಾದ ಹೆಂಗಸೊಬ್ಬರು ಬಂದರು. ಅಕ್ಕಲಕೋಟದ ಹತ್ತಿರದ ಹೆಣ್ಣುಮಕ್ಕಳ ವಸತಿ ಶಾಲೆಯ ಮುಖ್ಯ ಬಾಯಿ. ಬಾಯಿ ಎಂದರೆ ನಮ್ಮಲ್ಲಿ ಟೀಚರು. ಅವರು ಹೊಸದನ್ನು ಮುಟ್ಟಲೇ ಇಲ್ಲ. ಮೂರು ಗೆರೆಯ ಹಳೆಯ ಸ್ಕರ್ಟಿನ ಮುಂದೆ ನಿಂತರು, ಚಾಳೀಸಿನ ಕನ್ನಡಕ ಹಾಕಿಕೊಂಡರು, ಇದು ಯಾರದೆಂದು ಕೇಳಿದರು. ಅತ್ತೆ ಉತ್ತರ ಕೊಡುವ ಮೊದಲೇ ವೈನಿ ಎದ್ದು ನಿಂತಳು.

ತನ್ನ ಮಗಳದು ಎಂದಳು. ಮೇಲಿನ ಗೆರೆಯ ಮೇಲೆ ಬೆರಳಿಟ್ಟು, ಇದು ನಾಲ್ಕನೇ ತರಗತಿ, ಆಗ ಇಷ್ಟೇ ಇದ್ದಳು ಎಂದು ತನ್ನ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದಳು. ಇದು ಐದನೆಯದು. ಆ ವರ್ಷ ಟೈಫಾಯಿಡ್ ಬಂದು ಒಂದು ತಿಂಗಳು ಮಲಗಿದ್ದಳು, ಎದ್ದಾಗ ನೋಡಿದರೆ ಮಂಡಿ ಕಾಣುತ್ತಿತ್ತು, ನಡುವರ್ಷದಲ್ಲೇ ಬಿಚ್ಚಬೇಕಾಯಿತು. ಇದು ಹೋದ ವರ್ಷದ್ದು, ಕಬಡ್ಡಿ ಆಡಿ ಹರಿದುಕೊಂಡು ಬಂದಿದ್ದಳು, ಈ ತೇಪೆ ಅದೇ. ನಿನ್ನೆ ಬಡತನವೆಂದು ಮಿಷನ್ ನಿಲ್ಲಿಸಿದವಳು ಇವತ್ತು ಮಗಳ ವರ್ಷಗಳನ್ನು ಬೆರಳಿಟ್ಟು ಓದುತ್ತಿದ್ದಳು. ಗೋಡೆಯ ಆಚೆಯ ಸ್ಟಾಲಿನವರೂ ಬಂದು ನಿಂತು ಕೇಳಿದರು.

ಮುಂದೆ ಏನು ಮಾಡುವಿರಿ, ಈಗಂತೂ ಮಡಿಕೆ ಮುಗಿಯಿತಲ್ಲ ಎಂದು ಬಾಯಿ ಕೇಳಿದರು.

ವೈನಿ ಹಲಗೆಯ ಹತ್ತಿರ ಬಗ್ಗಿ ಸ್ಕರ್ಟಿನ ತುದಿಯನ್ನು ಹೊರಳಿಸಿ ತೋರಿಸಿದಳು. "ಇನ್ನ ಎರಡ ಬೆರಳ ಐತ್ರಿ ಬಾಯಾರ. ಎಂಟನೇತ್ತಿಗೂ ಬರತೈತಿ."

ಬಾಯಿ ಬೆಂಚಿನ ಮೇಲೆ ಕೂತರು. ತಮ್ಮ ಶಾಲೆಯ ಹುಡುಗಿಯರಿಗೆ ವರ್ಷಕ್ಕೆ ಒಂದೇ ಜೊತೆ ಬಟ್ಟೆ, ದೀಪಾವಳಿ ಕಳೆಯುವಷ್ಟರಲ್ಲಿ ಅದು ಗಿಡ್ಡವಾಗುತ್ತದೆ, ದೊಡ್ಡ ಹುಡುಗಿಯರು ಕೂರುವಾಗ ದಪ್ತರದ ಚೀಲವನ್ನು ಮಂಡಿಯ ಮೇಲೆ ಇಟ್ಟುಕೊಳ್ಳುತ್ತಾರೆ, ಬೋರ್ಡಿನ ಹತ್ತಿರ ಕರೆದರೆ ಏಳುವುದಿಲ್ಲ ಎಂದರು. ಅದನ್ನು ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಅತ್ತೆಯ ಕಡೆ ತಿರುಗಿದರು. "ಐದನೇತ್ತಿಯಿಂದ ಸುರು ಮಾಡೂಣು. ಅಳತಿ ತಗೊಳ್ಳಾಕ ಯಾವಾಗ ಬರ್ತೀರಿ?"

ಅತ್ತೆ ನನ್ನನ್ನು ನೋಡಿದಳು. ಎಂಟು ವರ್ಷ ಕಾರ್ಖಾನೆಯವರು ಕಳಿಸಿದ ರಟ್ಟಿನ ಅಳತೆಗೆ ಕಾಲರು ಹೊಲಿದವರು ಈ ಏಳು ಜನ. ಇಂಥ ದಿನ, ಇಂಥವರ ಅಳತೆ ಎಂದು ಯಾರೂ ಕೇಳಿದ್ದಿಲ್ಲ. "ಸೋಮವಾರ ಬರ್ತೀವ್ರಿ" ಎಂದಳು. ನಾನು ಗೋಡೆಯ ಹಿಂದೆ ವಾಯರುಗಳ ನಡುವೆ ನಿಂತು ಮೂಗು ಒರೆಸಿಕೊಂಡೆ. ಇಷ್ಟು ಸ್ಟಾಲು ಕಟ್ಟಿಸಿದ್ದೇನೆ, ಒಂದರ ಹಿಂದೆಯೂ ನಿಂತು ಅತ್ತಿರಲಿಲ್ಲ.

ಸೋಮವಾರ ಅವರ ಜೊತೆ ನಾನೂ ಹೋದೆ. ನನ್ನ ಕೆಲಸ ಅಲ್ಲೇನೂ ಇರಲಿಲ್ಲ, ಹೋಗದೆ ಇರಲು ಆಗಲಿಲ್ಲ, ಅಷ್ಟೆ. ವಸತಿ ಶಾಲೆಯ ವರಾಂಡದಲ್ಲಿ ಐದನೇ ತರಗತಿಯ ಹುಡುಗಿಯರು ಸಾಲಾಗಿ ನಿಂತಿದ್ದರು. ಅತ್ತೆ ಕೊರಳಿಗೆ ಟೇಪು ಹಾಕಿಕೊಂಡು ನೆಲದ ಮೇಲೆ ಕೂತಳು, ವೈನಿ ಅಳತೆ ಬರೆದುಕೊಳ್ಳಲು ವಹಿ ಹಿಡಿದಳು. ಮೊದಲ ಹುಡುಗಿ ಬಂದು ನಿಂತಳು. ಅಳತೆ ಹಿಡಿಯುವಾಗ ತುದಿಗಾಲಲ್ಲಿ ನಿಂತು ಮೈಯನ್ನು ಎಷ್ಟಾಗುತ್ತದೋ ಅಷ್ಟು ಮೇಲಕ್ಕೆ ಎಳೆದಳು. ಉದ್ದ ಕಂಡರೆ ಉದ್ದ ಸ್ಕರ್ಟು ಸಿಗುತ್ತದೆಂದು ಅವಳ ಲೆಕ್ಕ. ಹಿಂದಿನ ಹುಡುಗಿಯರೂ ಅದನ್ನು ನೋಡಿ ಒಬ್ಬೊಬ್ಬರಾಗಿ ಹಿಮ್ಮಡಿ ಎತ್ತತೊಡಗಿದರು.

ಅತ್ತೆ ಟೇಪು ಇಳಿಸಿ ಹುಡುಗಿಯ ಪಾದದ ಮೇಲೆ ಕೈ ಇಟ್ಟಳು.

"ಸಡ್ಲ ನಿಂದ್ರವ್ವಾ. ಬೆಳಿಯೂದಕ್ಕ ನಾವು ಜಾಗಾ ಬಿಡ್ತೀವಿ."

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿ ಹಿಮ್ಮಡಿಯನ್ನು ನೆಲಕ್ಕೆ ಊರಿದಳು.